ಹಳ್ಳ ದಾಟದ ಹೈಬ್ರಿಡ್

ಅಣ್ಣಾ,

ಹೆತ್ತ ಅಪ್ಪನನ್ನು ಅಣ್ಣಾ ಎಂದು ಕರೆಯುವ ನಮ್ಮ ಮನೆಯ ರೂಢಿ ಕೇಳಿ ಹೊಸಬರು ಗಲಿಬಿಲಿಗೊಳ್ಳುತ್ತಿದ್ದರು, ನೆನಪಿದೆಯೇ? ನೀನು ಹೋಗಿ ಹತ್ತು ತಿಂಗಳಾಯಿತು. ಇವತ್ತು ಶನಿವಾರ, ಶಾಲೆ ಅರ್ಧ ದಿನ. ಖೂಬಾ ಪ್ಲಾಟಿನ ಮನೆಯ ಪಡಸಾಲೆಯಲ್ಲಿ, ನಿನ್ನ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಮಲಾಪುರದಲ್ಲಿ ಒಂದು ಪರೀಕ್ಷೆಯಿದೆ. ಇಷ್ಟು ವರ್ಷ ಮಕ್ಕಳಿಗೆ ಗಣಿತದ ಪರೀಕ್ಷೆ ಕೊಟ್ಟವಳು ನಾನು, ನಾಳೆಯದು ನನ್ನದೇ ಪರೀಕ್ಷೆ. ಊಟ ಸೇರಲಿಲ್ಲ. ಗ್ಯಾಸ್ ಬಂದ್ ಆಗಿದೆಯೋ ಇಲ್ಲವೋ ಎಂದು ಮೂರು ಸಲ ಎದ್ದು ಹೋಗಿ ನೋಡಿದೆ. "ಸುಧೀ, ಮಂದಿ ಅಳಕೋತ ಹುಟ್ಟತಾರ, ನೀ ಚಿಂತಿ ಮಾಡ್ಕೋತ ಹುಟ್ಟೀದಿ" ಎಂದು ನೀನು ನಗುತ್ತಿದ್ದೆ. ನಗುವವನು ಹೋದೆ, ಚಿಂತೆ ಮಾತ್ರ ಇಲ್ಲೇ ಇದೆ.

ನೀನು ಮೊದಲ ಸಲ ನನ್ನನ್ನು ಕಮಲಾಪುರಕ್ಕೆ ಕರೆದೊಯ್ದಾಗ, ಜೀಪು ಇಳಿದು ಗಾಲ್ಫ್ ಮೈದಾನ ಎಲ್ಲಿದೆ ಎಂದು ಕೇಳಿದ್ದೆ. ಅದರ ನಡುವೆಯೇ ನಿಂತಿದ್ದೆವು. ಎಂಬತ್ತರ ದಶಕದಲ್ಲಿ ಅಣೆಕಟ್ಟಿನ ಕೆಲಸಕ್ಕೆ ಹೋದಾಗ ಮೇಲಿನ ಸಾಹೇಬರೊಬ್ಬರಿಂದ ಈ ಆಟವನ್ನು ಅಂಟಿಸಿಕೊಂಡು ಬಂದವನು ನೀನು. ನಿವೃತ್ತಿಯಾದ ಮೇಲೆ ನಿನ್ನ ಬಾಲ್ಯದ ಗೆಳೆಯ, ವಕೀಲರಾದ ಗುರು ಮಾಮಾ, ಬಾಳೆ ಹಚ್ಚಲಿಕ್ಕೂ ಬಾರದ ತಮ್ಮ ಕಲ್ಲುನೆಲವನ್ನು ಬಿಟ್ಟುಕೊಟ್ಟರು. ಸೇಡಂ ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿರುವ ಉಸ್ಮಾನ್ ಚಾಚಾ ಸುಟ್ಟ ಇಂಜಿನ್ ಆಯಿಲ್ ತಂದು ಮರಳಿಗೆ ಕಲೆಸಿ, ಚೆಂಡು ನುಣ್ಣಗೆ ಉರುಳಲೆಂದು ಆರು ಕುಳಿಗಳ ಸುತ್ತ ಹಾಸಿದರು. ಒಂದು ಎಸಳು ಹುಲ್ಲಿಲ್ಲದ ಕಾರಣ ಎಲ್ಲರೂ ತಂತಮ್ಮ ಕಾಲೊರಸು ಚಾಪೆಯ ತುಂಡು ಹಿಡಿದು ನಡೆಯುವುದು, ಚೆಂಡು ಬಿದ್ದಲ್ಲಿ ಅದನ್ನು ಹಾಸಿ ಹೊಡೆಯುವುದು. ನಿನ್ನ ತುಂಡು ನಮ್ಮ ಮನೆಯ ಬಾಗಿಲಿನದೇ. ಅವ್ವ ಇವತ್ತಿಗೂ ಅದು ಕಳುವಾಯಿತೆಂದೇ ತಿಳಿದಿದ್ದಾಳೆ, ನಾನೂ ಹೇಳಿಲ್ಲ.

ಆರನೆಯ ಕುಳಿಯ ಮುಂದಿನ ಹಳ್ಳವನ್ನು ನೀನು ಹೆಜ್ಜೆ ಹಾಕಿ ಅಳೆದ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಚಾಪೆ ಹಾಸುವ ಜಾಗದಿಂದ ಆಚೆ ದಂಡೆಗೆ ನೂರಾ ಮೂವತ್ತು ಹೆಜ್ಜೆ. ಅದನ್ನು ದಾಟಿಸಿದವನಿಗೆ ಆ ದಿನ ಗುರು ಮಾಮಾ ಬುತ್ತಿಯ ಮೊದಲ ರೊಟ್ಟಿ ಕೊಡಬೇಕು. ವರ್ಷಗಟ್ಟಲೆ ಆ ರೊಟ್ಟಿ ನಿನ್ನದೇ ಆಗಿತ್ತಲ್ಲ. ಆಮೇಲೆ ಭುಜ ಹಿಡಿಯತೊಡಗಿತು, ಉದ್ದನೆಯ ಕಬ್ಬಿಣದ ಕೋಲು ಚೆಂಡನ್ನು ಎತ್ತಲೊಲ್ಲದು, ನೀನು ರೊಟ್ಟಿಯ ಕಡೆ ನೋಡದಂತೆ ಕೂರತೊಡಗಿದೆ.

ಬ್ಯಾಂಕಿನ ಶಿವರಾಜ ಆ ಸುದ್ದಿ ತಂದದ್ದು ಆಗಲೇ. ನಿಮ್ಮ ಗುಂಪಿನಲ್ಲಿ ಅವನೊಬ್ಬನೇ ಮೂವತ್ತರೊಳಗಿನವನು. ಹೈದರಾಬಾದಿನಲ್ಲಿ ಹೊಸ ಕೋಲು ಬಂದಿದೆ, ಅರ್ಧ ಕಬ್ಬಿಣದ ಕೋಲು, ಅರ್ಧ ಕಟ್ಟಿಗೆಯ ಕೋಲು ಅನ್ನಬೇಕು, ತಲೆ ದಪ್ಪ, ತಳ ಅಗಲ, ವಯಸ್ಸಾದವರಿಗೂ ಚೆಂಡು ತಾನಾಗಿ ಏಳುತ್ತದೆ, ಹೆಸರು ಹೈಬ್ರಿಡ್ ಎಂದ. "ಹೈಬ್ರಿಡ್ ಜೋಳದ ರೊಟ್ಟಿ ತಿಂದು ಹಲ್ಲು ಹೋದುವು, ಇನ್ನ ಇದೊಂದು ಬಾಕಿ ಇತ್ತು ನೋಡ್" ಎಂದು ಗುರು ಮಾಮಾ ಅಂದದ್ದಕ್ಕೆ ನೀನು ನಕ್ಕೆ. ಆದರೆ ಮನೆಗೆ ಬರುವಾಗ ಜೀಪಿನಲ್ಲಿ ಆ ಕೋಲಿನ ಬಗ್ಗೆ ಶಿವರಾಜನನ್ನು ಮತ್ತೆ ಮತ್ತೆ ಕೇಳಿದೆ. ನಾನು ಹಿಂದಿನ ಸೀಟಿನಲ್ಲಿದ್ದೆ.

ಹೈದರಾಬಾದಿನ ಆ ಅಂಗಡಿಯಲ್ಲಿ ನಾನು ನಿಂತ ಗಳಿಗೆಯನ್ನು ಈಗ ದಿನವೂ ನೋಡುತ್ತಿದ್ದೇನೆ. ನೆಂಟರ ಮದುವೆಗೆಂದು ಹೋದವಳು ನಿನಗೆ ಹೇಳದೆ ಅಂಗಡಿ ಹುಡುಕಿದ್ದೆ. ಒಂದೇ ತಲೆಯ ನಾಲ್ಕು ಹೈಬ್ರಿಡ್ ಇದ್ದವು, ಕಾವು ಮಾತ್ರ ಬೇರೆ ಬೇರೆ. ಗುದ್ದಲಿಯ ಹಿಡಿಕೆಗೆ ಹೇಗೋ ಹಾಗೆ ಗಾಲ್ಫ್ ಕೋಲಿನ ಹಿಡಿಕೆಗೂ ನಾವು ಕಾವು ಅಂತಲೇ ಅನ್ನುತ್ತಿದ್ದೆವಲ್ಲ. ಅಂಗಡಿಯವನು ಏನೋ ಕೇಳಿದ, ಹೊಡೆಯುವವರ ವಯಸ್ಸು ಎಷ್ಟು, ಕೈ ಬೀಸುವುದು ನಿಧಾನವೋ ಜೋರೋ... ನಾನು ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಚಿಕ್ಕಂದಿನಲ್ಲಿ ಸಂತೆಗೆ ಹೋದಾಗ ಕಾವನ್ನು ಮೊಣಕಾಲಿಗೆ ಆನಿಸಿ ಬಗ್ಗಿಸಿ ಆರಿಸುವುದನ್ನು ಕಲಿಸಿದವನು ನೀನು. ಕಮಲಾಪುರದ ಕಲ್ಲಿಗೆ ತಾಗಿ ಎರಡು ವರ್ಷದಲ್ಲಿ ನಿಮ್ಮ ಮೂರು ಕೋಲು ಮುರಿದದ್ದನ್ನು ನಾನೇ ಕಂಡಿದ್ದೆ. ನಾಲ್ಕನ್ನೂ ಒಂದೊಂದಾಗಿ ಮೊಣಕಾಲಿಗೆ ಆನಿಸಿ ಬಗ್ಗಿಸಿದೆ. ಯಾವುದು ಜಪ್ಪಯ್ಯ ಅಂದರೂ ಬಗ್ಗಲಿಲ್ಲವೋ ಅದನ್ನೇ ಕಟ್ಟಿಸಿಕೊಂಡು ಬಂದೆ.

ಮರು ಭಾನುವಾರ ನೀನು ಅದನ್ನು ಹಿಡಿದು ಹಳ್ಳದ ಮುಂದೆ ನಿಂತಾಗ ಹೊಸ ಅಂಗಿ ತೊಟ್ಟುಕೊಂಡಿದ್ದೆ. ಚೆಂಡು ಮೊಣಕಾಲೆತ್ತರಕ್ಕೂ ಏಳದೆ ಬಲಕ್ಕೆ ಹೋಗಿ ಹಳ್ಳಕ್ಕೆ ಬಿತ್ತು. ಇನ್ನೊಂದು ಹೊಡೆದೆ, ಅದೂ ಅಲ್ಲಿಗೇ. ಅದೇ ಕೋಲಿನಿಂದ ಶಿವರಾಜ ಹೊಡೆದದ್ದು ಆಚೆ ದಂಡೆಯ ಜಾಲಿಗಿಡದ ಮೇಲಿಂದ ಹಾರಿತು. ಎಲ್ಲರೂ ಕೋಲನ್ನು ಹೊಗಳಿದರು. ನಾನೂ ಹೊಗಳಿದೆ ಅಣ್ಣಾ. "ನಾಲ್ಕು ವಾರ ಹೊಡಿ, ರೂಢಿ ಆಗತದ" ಅಂದೆ. ನೀನು ನಾಲ್ಕು ವಾರ ಹೊಡೆದೆ. ಐದನೆಯ ವಾರ ಅಂಗೈ ಎರಡನ್ನೂ ಬಿಡಿಸಿ ನೋಡಿಕೊಂಡು, "ಸಾಕಿನ್ನ. ಕೋಲು ಚೊಲೋ ಅದ, ಕೈ ಸತ್ತಾವ" ಎಂದೆ. ಆಮೇಲೆ ನೀನು ಕಮಲಾಪುರಕ್ಕೆ ಬರಲೇ ಇಲ್ಲ. ಎಂಟು ತಿಂಗಳು ಭಾನುವಾರ ಬೆಳಿಗ್ಗೆ ಈ ಕುರ್ಚಿಯಲ್ಲಿ ಕೂತು ಪೇಪರ್ ಓದಿದೆ. ಒಂದು ಮುಂಜಾನೆ ಅವ್ವ ಚಹಾ ತರುವಷ್ಟರಲ್ಲಿ... ಅದನ್ನು ನಾನು ನಿನಗೆ ಹೇಳಬೇಕೇ?

ನಿನ್ನ ವಸ್ತು ಏನಾದರೂ ಇರಲಿ ಎಂದು ಗುರು ಮಾಮಾ ಆ ಹೈಬ್ರಿಡ್ಡನ್ನು ಕೇಳಿ ಒಯ್ದರು. ಹೋದ ತಿಂಗಳು ಶರಣಬಸವೇಶ್ವರ ಗುಡಿಯ ಹತ್ತಿರ ಸಿಕ್ಕು, ಮುಂದಿನ ಭಾನುವಾರದಿಂದ ಬುತ್ತಿ ಕಟ್ಟುವುದಿಲ್ಲ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಅಂಗೈ ಎರಡನ್ನೂ ಬಿಡಿಸಿ ನೋಡಿಕೊಂಡರು. "ಶ್ರೀಪಾದ ಹೇಳಿದ್ದು ಖರೆ ಅದ ಸುಧಾ. ಕೋಲು ಚೊಲೋ ಅದ. ನಂದೂ ಮುಗೀತು." ಅದೇ ಮಾತು, ಅದೇ ಅಂಗೈ, ಅದೇ ಕೋಲು. ಇನ್ನೆಂಟು ತಿಂಗಳಿಗೆ ಇವರೂ ಹೋಗಿಬಿಟ್ಟರೆ ಎನ್ನುವ ಹುಚ್ಚು ಲೆಕ್ಕ ತಲೆಯೊಳಗೆ ಹೊಕ್ಕಿತು. ಗಣಿತದವಳಿಗೆ ಹೀಗೆ ಲೆಕ್ಕ ಹಾಕಬಾರದೆಂದು ಗೊತ್ತು. ಗೊತ್ತಿದ್ದೂ ಹಾಕಿದೆ.

ಒಂದೇ ಒಂದು ವಾರ ಬನ್ನಿ ಎಂದು ಅವರನ್ನು ಕಾಡಿ ಕರೆತಂದೆ. ಹಳ್ಳದ ಮುಂದೆ ನಿನ್ನ ಚಾಪೆಯ ತುಂಡು ಹಾಸಿ, ಅದೇ ಹೈಬ್ರಿಡ್ಡಿನಿಂದ ಪ್ರತಿಯೊಬ್ಬರಿಗೂ ಹತ್ತು ಹತ್ತು ಚೆಂಡು ಹೊಡೆಯಲು ಹೇಳಿ ಪಟ್ಟಿ ಪುಸ್ತಕ ಹಿಡಿದು ನಿಂತೆ. ಶಿವರಾಜನ ಹತ್ತರಲ್ಲಿ ಒಂಬತ್ತು ದಾಟಿದವು. ಉಸ್ಮಾನ್ ಚಾಚಾಗೆ ವಯಸ್ಸಾದರೂ ಪಾನಾ ಹಾಕಿ ಬೋಲ್ಟು ತಿರುವಿದ ಮಣಿಕಟ್ಟು, ಅವರ ನಾಲ್ಕು ದಾಟಿದವು. ನನ್ನದು ಒಂದೂ ಇಲ್ಲ. ಗುರು ಮಾಮಾನ ಹತ್ತೂ ಹಳ್ಳಕ್ಕೆ, ಹತ್ತೂ ಬಲಕ್ಕೆ, ಹತ್ತೂ ನೆಲ ಸವರಿಕೊಂಡು. ಕೈ ಸತ್ತಿದ್ದರೆ ಒಂದು ಅತ್ತ ಒಂದು ಇತ್ತ ಹೋಗಬೇಕಿತ್ತಲ್ಲವೇ? ಹತ್ತು ಸಲವೂ ಒಂದೇ ತಪ್ಪು ಮಾಡುವ ಕೈ ಸತ್ತ ಕೈ ಹೇಗಾದೀತು?

ನನ್ನ ಅನುಮಾನ ಕೋಲಿನ ಮೇಲೆ ಹೋಯಿತು. ಗ್ಯಾರೇಜಿನಲ್ಲಿ ಚಾಚಾ ಅದರ ಹಿಡಿಯನ್ನು ವೈಸಿನ ಇಕ್ಕಳಕ್ಕೆ ಸಿಕ್ಕಿಸಿ ತಲೆಯನ್ನು ಬೆರಳಿನಿಂದ ಮೀಟಿದರು. ಗಡಗಡ ನಡುಗಿ ತಟ್ಟನೆ ನಿಂತಿತು. ಆಮೇಲೆ ನಮ್ಮ ಅಟ್ಟದಿಂದ ನಾನು ಒಯ್ದಿದ್ದ ನಿನ್ನ ಹಳೆಯ ಕೋಲನ್ನು ಸಿಕ್ಕಿಸಿದರು, ಕಟ್ಟಿಗೆಯ ತಲೆ ಸೀಳಿಹೋಗಿದೆಯೆಂದು ನೀನು ಎತ್ತಿಟ್ಟಿದ್ದ ಕಪ್ಪು ಕಾವಿನದು. ಅದು ತೂಗುತ್ತ ತೂಗುತ್ತ ಸಾವಕಾಶ ನಿಂತಿತು.

"ನೋಡ್ ಬೇಟಾ, ಈ ಹೈಬ್ರಿಡ್ ಜವಾನ್ ಆದ್ಮೀದು, ಹರೇದವ್ರದು. ಜೋರ್ ಬೀಸಿದ್ರ ಬಗ್ತದ, ಬಗ್ಗಿದ್ರ ಚೆಂಡ್ ಏಳ್ತದ. ವಕೀಲ್ ಸಾಬ್ ಹೌಲೆ ಹೌಲೆ, ಸಾವಕಾಶ ಬೀಸ್ತಾರ, ನಿಮ್ಮ ಅಬ್ಬಾನೂ ಹಂಗೇ. ಅವರಿಗೆ ಇದು ಬಗ್ಗೋದೇ ಇಲ್ಲ. ಇದನ್ ಆರಿಸ್ದವ್ರು ಯಾರು?"

ನಾನು ಮೊಣಕಾಲಿನ ಕಥೆ ಹೇಳಿದೆ. ಚಾಚಾ ಬಹಳ ಹೊತ್ತು ಕೈ ಒರೆಸಿಕೊಂಡರು.

"ನಾ ಇದ್ರೂ ಹಂಗೇ ಆರಿಸ್ತಿದ್ದೆ. ನಮ್ ಕಲ್ಲಿನ್ಯಾಗ ಆಡೋವ್ರು ಮತ್ತೇನ್ ಮಾಡ್ತಾರ? ಹತ್ತ್ ಸಲ ನಾನೂ ಅದನ್ ಹಿಡದೀನಿ, ನಂಗೂ ತಿಳೀಲಿಲ್ಲ. ರೋನಾ ನಕೋ."

ಅಳಬೇಡ ಎಂದರೆ ನಿಲ್ಲುವ ಅಳುವೇ ಅದು? ಅವರು ಬೆಂಕಿ ಹಿಡಿದು ಹೈಬ್ರಿಡ್ಡಿನ ತಲೆ ಬಿಚ್ಚಿದರು. ನಿನ್ನ ಕಪ್ಪು ಕಾವನ್ನು ಮೇಲಿನ ತುದಿಯಿಂದ ಕೊಯ್ದು, ಕೆಳಗೆ ಸಡಿಲಾಗದಂತೆ ಹಿತ್ತಾಳೆ ತಗಡು ಸುತ್ತಿ, ಆ ತಲೆಗೆ ಕೂರಿಸಿದರು. ಅಂಟು ಒಣಗಿ ಕೋಲು ನಿನ್ನೆ ಮನೆಗೆ ಬಂತು. ಈಗ ಬಾಗಿಲ ಸಂದಿಯಲ್ಲಿ ನಿಂತಿದೆ. ನಾನು ಅತ್ತ ನೋಡುತ್ತಿಲ್ಲ.

ನಾಳೆ ಗುರು ಮಾಮಾ ಇದರಿಂದ ಹೊಡೆಯುತ್ತಾರೆ. ಚೆಂಡು ದಾಟದಿದ್ದರೆ ಅವರು ಆಟ ಬಿಡುತ್ತಾರೆ, ಮತ್ತೊಮ್ಮೆ ಅವರನ್ನು ಕಾಡಿ ಕರೆತರಲು ನನಗೂ ಬಾಯಿರುವುದಿಲ್ಲ. ದಾಟಿದರೆ? ದಾಟಿದರೆ ನಿನ್ನ ಆ ಎಂಟು ತಿಂಗಳನ್ನು ಕಸಿದವಳು ನಾನೆಂದು ಖಾತ್ರಿಯಾಗುತ್ತದೆ. ಯಾವುದು ಆಗಲಿ ಎಂದು ಬೇಡಿಕೊಳ್ಳಲಿ, ನೀನೇ ಹೇಳು. ಬೆಳಿಗ್ಗೆ ದೇವರ ಮುಂದೆ ನಿಂತು ಏನೂ ಕೇಳದೆ ಬಂದೆ. ಕೋಲನ್ನು ಒಯ್ಯುವುದನ್ನೇ ಮರೆತಂತೆ ಮಾಡಿದರಾಯಿತು ಎಂದೂ ಒಮ್ಮೆ ಅನ್ನಿಸಿತು. ನಿನ್ನ ಮುಂದೆ ಸುಳ್ಳೇಕೆ, ಎರಡು ಸಲ ಅನ್ನಿಸಿತು.

ಭಾನುವಾರ, ಊಟದ ಹೊತ್ತು.

ಅಣ್ಣಾ, ಈಗ ತಾನೇ ಬಂದೆ. ಕಾಲಿನ ಕೆಂಪು ಧೂಳೂ ತೊಳೆದಿಲ್ಲ. ಮೊದಲು ಶಿವರಾಜ ಕಾವು ಬದಲಿಸಿದ ಆ ಕೋಲಿನಿಂದ ತನ್ನ ಎಂದಿನ ಜೋರಿನಲ್ಲಿ ಬೀಸಿದ. ಚೆಂಡು ಎಡಕ್ಕೆ ತಿರುಗಿ ಬಾಳೆತೋಟದೊಳಗೆ ಹೋಯಿತು. "ಅಕ್ಕಾ, ಇದ ಕೆಟ್ಟದ ನೋಡ್ರಿ, ಮೊದಲಿಂದೇ ಚೊಲೋ ಇತ್ತು" ಎಂದ. ಗುರು ಮಾಮಾ ಕೋಲನ್ನು ಕೈಗೆ ತೆಗೆದುಕೊಂಡು ಕಪ್ಪು ಕಾವಿನ ಮೇಲೆ ಹೆಬ್ಬೆರಳು ಸವರಿದರು. "ಇದು ಶ್ರೀಪಾದಂದಲ್ಲೇನ?" ಎಂದರು. ಹೌದು ಎಂದೆ. ಮೊದಲ ಚೆಂಡು ಹಳ್ಳಕ್ಕೆ ಬಿತ್ತು. ಅವರು ಅಂಗೈ ನೋಡಿಕೊಳ್ಳುವ ಮುನ್ನ ಇನ್ನೊಂದು ಚೆಂಡನ್ನು ಚಾಪೆಯ ಮೇಲಿಟ್ಟೆ. ಅವಸರ ಬೇಡ ಮಾಮಾ, ಮೊದಲಿನ ಹಾಗೆ ಸಾವಕಾಶ ಬೀಸಿ ಎಂದೆ.

ಚೆಂಡು ಎದ್ದಿತು. ನನಗೆ ನೋಡಲಾಗದೆ ಚಾಚಾನ ಮುಖ ನೋಡಿದೆ. ಅವರ ಕಣ್ಣು ಮೇಲೆ ಹೋಗಿ, ಅಲ್ಲೇ ಇದ್ದು, ಆಚೆ ದಂಡೆಗೆ ಇಳಿಯಿತು. ಮಾಮಾ ಹತ್ತು ಹೊಡೆದರು ಅಣ್ಣಾ, ಆರು ದಾಟಿದವು. ಪಟ್ಟಿ ಪುಸ್ತಕದಲ್ಲಿ ಆರು ಎಂದು ಬರೆದೆ. ಆಮೇಲೆ ಅವರ ಮುಂದೆ ಎಲ್ಲವನ್ನೂ ಹೇಳಿದೆ: ಅಂಗಡಿ, ನಾಲ್ಕು ಕಾವು, ನನ್ನ ಮೊಣಕಾಲು. ಬೈಯಲಿ ಎಂದು ಕಾದೆ. ಅವರು ಹಳ್ಳದ ಕಡೆ ತಿರುಗಿದರು.

"ಹಂಗಾದ್ರ ಅವನ ಕೈನೂ ಚೊಲೋನೇ ಇದ್ದುವು" ಎಂದರು.

ಬುತ್ತಿ ಬಿಚ್ಚಿದಾಗ ಮೊದಲ ರೊಟ್ಟಿಯನ್ನು ಅವರು ತಾವು ತಿನ್ನಲಿಲ್ಲ, ನನಗೂ ಕೊಡಲಿಲ್ಲ. ನಾಲ್ಕು ತುಂಡು ಮಾಡಿ ಎಲ್ಲರಿಗೂ ಹಂಚಿದರು. ಮುಂದಿನ ಭಾನುವಾರ ಶೇಂಗಾ ಚಟ್ನಿ ನಾನು ಒಯ್ಯಬೇಕಂತೆ.

ಇನ್ನು ಮೇಲೆ ಯಾರಿಗೆ ಕೋಲು ತರಬೇಕಾದರೂ ಅವರ ಕೈಯಿಂದಲೇ ಬೀಸಿಸಿ ನೋಡಿ ತರುತ್ತೇನೆ. ನಿನಗೆ ಈ ಮಾತಿನಿಂದ ಏನೂ ಆಗಬೇಕಾದ್ದಿಲ್ಲ, ಗೊತ್ತು. ಆದರೂ ಒಂದು ಸುದ್ದಿ ನಿನಗೆ ಮುಟ್ಟಲೇಬೇಕು. ಕೋಲು ಚೊಲೋ ಇದೆ, ಕೈ ಸತ್ತವು ಎಂದು ನಂಬಿ ಹೋದೆಯಲ್ಲ, ಅದು ಖರೆಯಲ್ಲ ಅಣ್ಣಾ. ಅವು ಕೊನೆಯವರೆಗೂ ಬದುಕಿದ್ದವು.

ನಿನ್ನ
ಸುಧೀ