ಕಾವಲು ಮೀನು, ಕುರುಡು ಸೀಗಡಿ

ಜೂನ್ 10, ಮಂಗಳವಾರ, ಸಂಜೆ

ಟ್ಯಾಂಕಿನಲ್ಲಿ ಇವತ್ತೂ ಬರೀ ನೀರು. ಉಪ್ಪಿದೆ, ಕಲ್ಲಿದೆ, ಮರಳಿದೆ, ನೀಲಿ ಲೈಟ್ ಇದೆ. ಮೀನಿಲ್ಲ. ಕೆಲವು ವಾರ ಹೀಗೇ ಬಿಡಬೇಕಂತೆ. ಕಣ್ಣಿಗೆ ಕಾಣದ ಏನೋ ಮೊದಲು ಹುಟ್ಟಬೇಕು, ಆಮೇಲೆ ಮೀನು. ಪ್ಲಾಂಟ್‌ನಿಂದ ಬಂದವನು ಶೂ ಬಿಚ್ಚದೆ ಎದುರಿಗೆ ಕೂರುತ್ತೇನೆ. ಕಾಡುಗೋಡಿಗೆ ಮೆಟ್ರೋ ಬಂದಾಗಲೆಲ್ಲ ನೀರಿನ ಮೇಲೆ ಸಣ್ಣ ನಡುಕ. ಅಥವಾ ಹಾಗೆಂದು ನನಗೆ ಅನಿಸುತ್ತದೆ...

ಸವಿತಾ ಸರ್ಜಾಪುರದ ತಂಗಿಯ ಮನೆಗೆ ಹೋದದ್ದು ಯುಗಾದಿಯ ಮರುದಿನ. ಜಗಳವಿಲ್ಲ. "ಈ ಮನ್ಯಾಗ ನಾವಿಬ್ರು ಅದೀವಿ ಅಂತ ನನಗ ಅನಸೂದಿಲ್ರಿ" ಅಂದಳು. ಇಪ್ಪತ್ತು ವರ್ಷದ ಸಂಸಾರದ ಮೇಲೆ ಅಷ್ಟೇ. ನಾನು ಅವಳ ಬ್ಯಾಗ್ ಕೆಳಗಿಳಿಸಿದೆ. ಆಟೋ ಬಂತು.

ಜೂನ್ 14, ಶನಿವಾರ

ಸವಿತಾಗೆ ಫೋನ್ ಮಾಡಿದೆ. ಟ್ಯಾಂಕ್ ವಿಷಯ ಹೇಳಿದೆ. ಆ ಕಡೆ ನಗು.

"ಮೀನಿಲ್ಲದ ನೀರು ನೋಡಕೋತ ಕೂಡ್ತೀರಾ? ನಿಮಗ ತಕ್ಕ ಕೆಲಸ ಬಿಡ್ರಿ."

"ಯಾವ ಮೀನು ತರಲಿ?"

"ಎಲ್ಲಾರ ಮನ್ಯಾಗ ಇರೂದು ಬ್ಯಾಡ." ತಡೆದು ಅಂದಳು, "ತಂದ ಮ್ಯಾಲೆ ಬರ್ತೀನಿ. ಇರಾಕಲ್ಲ ಮತ್ತ. ನೋಡಾಕ."

ನೋಡಲು. ಅಷ್ಟಾದರೂ ಇದೆ. ಅವಳು ಬಂದು ನೋಡಿ ಎದ್ದು ಹೋದರೆ — ಆಮೇಲೆ ಕರೆಯಲು ನನ್ನ ಹತ್ತಿರ ಬೇರೆ ನೆಪವಿಲ್ಲ.

ಜುಲೈ 6, ಭಾನುವಾರ

ಹೋಪ್ ಫಾರ್ಮ್ ಹತ್ತಿರದ ಮೀನಂಗಡಿ. ಒಳಗೆ ಕತ್ತಲು, ಸಾಲಾಗಿ ನೀಲಿ ಚೌಕಗಳು. ವಿಡಿಯೋ ಕಾಲ್‌ನಲ್ಲಿ ಸವಿತಾ. ಅವಳ ಮುಖವನ್ನು ಗಾಜಿನಿಂದ ಗಾಜಿಗೆ ಹಿಡಿದುಕೊಂಡು ನಡೆದೆ. ಮೀನುಗಳು ಅವಳ ಹಣೆಯ ಮೇಲಿಂದ ಹಾದುಹೋದವು.

ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನು — ಎಲ್ಲರ ಮನೆಯದು, ಬೇಡ. ಗರಿ ಬಿಚ್ಚಿ ತೇಲುವ ಲಯನ್ ಫಿಶ್. "ಜೊತೇಲಿರೋದನ್ನೆಲ್ಲ ತಿಂದಾಕುತ್ತೆ ಮೇಡಂ," ಅಂದ ಅಂಗಡಿಯ ಮಾಲೀಕ ಲಿಖಿತ್, "ಫಸ್ಟ್ ಟ್ಯಾಂಕಿಗೆ ಬೇಡವೇ ಬೇಡ." ದೊಡ್ಡ ಬಾಯಿಯ ಇನ್ನೊಂದು — ಮುಚ್ಚಳ ಸ್ವಲ್ಪ ಸರಿದಿದ್ದರೂ ಹಾರಿ ನೆಲಕ್ಕೆ ಬೀಳುತ್ತದಂತೆ.

"ಮನಿ ಬಿಟ್ಟು ಓಡೂದು ಬ್ಯಾಡ," ಅಂದಳು ಸವಿತಾ. ನಾನು ಗಾಜನ್ನೇ ನೋಡುತ್ತಿದ್ದೆ.

ಕೊನೆಗೆ ಮೂಲೆಯಲ್ಲಿ, ಮರಳಿನ ಬಿಲದ ಬಾಯಲ್ಲಿ, ಒಂದು ಹಳದಿ ಮೀನು. ಗಲ್ಲ ಊರಿ ಕೂತಂತೆ.

"ಇದು ಗೋಬಿ ಮೇಡಂ."

"ಗೋಬಿ? ಮಂಚೂರಿ ಮಾಡೂದೇನು?"

"ಬಂದೋರೆಲ್ಲ ಇದೇ ಜೋಕು ಹೊಡೀತಾರೆ! ಒಳಗಡೆ ಒಂದು ಸೀಗಡಿ ಇದೆ ನೋಡಿ. ಅದಕ್ಕೆ ಕಣ್ಣು ಕಾಣ್ಸೋದು ಅಷ್ಟಕ್ಕಷ್ಟೆ. ಬಿಲ ತೋಡೋದು ಅದು, ಕಾಯೋದು ಇದು. ಮೀಸೆ ಯಾವಾಗ್ಲೂ ಮೀನಿನ ಮೇಲೇ ಇಟ್ಟಿರುತ್ತೆ. ಇದು ಬಾಲ ಅಲ್ಲಾಡಿಸ್ತು ಅಂದ್ರೆ ಅದು ಒಳಕ್ಕೆ."

ಕಾಲ್ ಕಟ್ ಆಯಿತೇನೋ ಎಂದು ನೋಡಿದೆ. ಇದ್ದಳು.

"ಇವನ್ನ ತರ್ರಿ. ಎರಡನ್ನೂ."

ಹೊರಡುವಾಗ ಲಿಖಿತ್ ಎಚ್ಚರಿಸಿದ: "ನೀರಿಗೆ ತಾಮ್ರ ಮಾತ್ರ ಸೋಕಿಸ್ಬೇಡಿ ಸಾರ್. ಮೀನು ತಡ್ಕೊಂಡ್ರೂ ಸೀಗಡಿ ತಡ್ಕೊಳ್ಳಲ್ಲ."

ಜುಲೈ 13, ಭಾನುವಾರ

ಕೆಳಮನೆಯ ಅಂಜನಮ್ಮ, ನಮ್ಮ ಓನರ್, ಮೊಣಕಾಲು ಹಿಡಿದುಕೊಂಡು ಮೇಲೆ ಬಂದರು. ಬಗ್ಗಿ ನೋಡಿದರು.

"ಸಮುದ್ರನೇ ತಂದು ಮಡಿಕ್ಕೊಂಡಿದೀಯ. ಎಂಡ್ರುನ್ನ ಕರ್ಕೊಂಡು ಬರಕ್ಕಾಗಲ್ವೇನಪ್ಪ? ಆಸಾಡಕ್ಕೆ ಮನೆ ಬಿಟ್ಟಿರಕ್ಕೆ ಅವಳೇನು ಒಸಾ ಮದುವೆಣ್ಣಾ?"

ಸವಿತಾಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. "ಶ್ರಾವಣದಾಗ ಬರ್ತಾಳ ಅಂತ ಹೇಳ್ರಿ ಅವರಿಗೆ."

"ನೋಡಾಕಾ?"

"ಆ ಸೀಗಡಿಗೆ ಖರೇನ ಕಾಣೂದಿಲ್ಲೇನು?" ಅಂದಳು.

ಜುಲೈ 20, ಭಾನುವಾರ, ಮಧ್ಯಾಹ್ನ

ಕೂತಲ್ಲೇ ನಿದ್ದೆ. ಕನಸಿನಲ್ಲಿ ಹಾಲ್ ತುಂಬ ಮರಳು. ರೂಮಿನಿಂದ ಯಾರೋ ತೋಡಿ ತೋಡಿ ಹೊರಗೆ ಎಸೆಯುತ್ತಿದ್ದಾರೆ. ನಾನು ಬಾಗಿಲಲ್ಲಿ. ಬೆನ್ನಿನ ಮೇಲೆ ಏನೋ ಹಗುರವಾಗಿ ತಾಗುತ್ತಿದೆ. ತಿರುಗಿ ನೋಡಬಾರದು ಎಂದು ಗೊತ್ತು.

ಎಚ್ಚರವಾದಾಗ ಸೀಗಡಿ ಒಂದು ಕಲ್ಲನ್ನು ಬುಲ್ಡೋಜರ್‌ನಂತೆ ತಳ್ಳುತ್ತಿತ್ತು.

ಜುಲೈ 25, ಶುಕ್ರವಾರ

ಶ್ರಾವಣದ ಮೊದಲ ಶುಕ್ರವಾರ. ಬಂದಾಗ ಟ್ಯಾಂಕಿನ ಮುಚ್ಚಳದ ಮೇಲೆ ಒಂದು ಮೊಳ ಮಲ್ಲಿಗೆ. ಇನ್ನೊಂದು ಕೀ ಅಂಜನಮ್ಮನ ಹತ್ತಿರವೇ ಇರುತ್ತದೆ. ಹೂ ತೆಗೆಯಲಿಲ್ಲ. ಚೆನ್ನಾಗಿತ್ತು.

ಸವಿತಾ ಮುಂದಿನ ಭಾನುವಾರ ಬರುತ್ತಾಳೆ. ಮೂರನೇ ತಾರೀಕು.

ಜುಲೈ 28, ಸೋಮವಾರ

ಬೆಳಿಗ್ಗೆ ಸೀಗಡಿ ಮಗುಚಿ ಬಿದ್ದಿತ್ತು. ಮೀನು ಬಿಲದ ಬಾಯಲ್ಲೇ ಇದೆ. ಬಾಲ ಅಲ್ಲಾಡಿಸುತ್ತದೆ. ನಿಲ್ಲಿಸುತ್ತದೆ. ಮತ್ತೆ ಅಲ್ಲಾಡಿಸುತ್ತದೆ.

ಸಂಜೆ ನೀರು ಬದಲಾಯಿಸುವಾಗ ಕಲ್ಲಿನ ಹಿಂದೆ ಸಿಕ್ಕಿತು. ತೂತುಕಾಸು. ತಾಮ್ರದ್ದು. ತೂತಿನಲ್ಲಿ ಅರಿಶಿನದ ದಾರ.

ಕೆಳಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅಂಜನಮ್ಮ: "ನೀವಿಬ್ರೂ ಒಂದಾಗ್ಲಿ ಅಂತ ಗಂಗಮ್ಮಂಗೆ ಅರಕೆ ಕಟ್ಟಿ ಕಾಸು ಬಿಟ್ಟಿವ್ನಿ ಕಣಪ್ಪ. ನಮ್ಮತ್ತೆ ಕಾಲದ್ದು. ಇವಾಗಿನ ಸ್ಟೀಲ್ ಕಾಸು ಆ ತಾಯಿ ಮೂಸೂ ನೋಡಾಕಿಲ್ಲ."

"ಹೂಂ ಅಮ್ಮ," ಅಂದೆ. ಕಾಸು ನನ್ನ ಜೇಬಿನಲ್ಲಿತ್ತು.

ಜುಲೈ 31, ಗುರುವಾರ

ಲಿಖಿತ್‌ಗೆ ಫೋನ್. ಸಣ್ಣ ಟ್ಯಾಂಕಿಗೆ ವಿಷವಾಗಲು ಒಂದು ಕಾಸು ಸಾಕಂತೆ. ನೀರಿನಿಂದ ತಾಮ್ರ ಪೂರ್ತಿ ಹೋಗುವವರೆಗೆ ಬೇರೆ ಸೀಗಡಿ ಬಿಡುವಂತಿಲ್ಲ.

ಬಿಲ ಕುಸಿಯುತ್ತಿದೆ. ತೋಡುವವರಿಲ್ಲ. ಮೀನು ಅಲ್ಲೇ, ಅರ್ಧ ಮರಳಿನೊಳಗೆ.

'ಈ ಭಾನುವಾರ ಬೇಡ' ಎಂದು ಟೈಪ್ ಮಾಡಿದೆ. ಅಳಿಸಿದೆ.

ಆಗಸ್ಟ್ 3, ಭಾನುವಾರ

ಹಾಲು ಒಲೆಯ ಮೇಲಿದೆ. ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಅವಳು ಹಾಲ್‌ನಲ್ಲಿ.

ಬಂದವಳೇ ಟ್ಯಾಂಕಿನ ಮುಂದೆ ಕೂತಳು. ಆಮೇಲೆ —

"ಇನ್ನೊಂದೆಲ್ಲಿ?"

ಒಳಗಿದೆ ಎನ್ನಬಹುದಿತ್ತು. ಬಿಲದ ಒಳಗನ್ನು ಯಾರು ನೋಡುತ್ತಾರೆ. "ಸತ್ತುಹೋಯ್ತು. ಸೋಮವಾರ." ಕಾಸಿನ ವಿಷಯ ಹೇಳಿದೆ. ಹರಕೆಯ ವಿಷಯ. ಅವಳಿಗೆ 'ಬೇಡ' ಎಂದು ಬರೆದು ಅಳಿಸಿದ್ದು. ಬಿಲ ಕುಸಿಯುವುದನ್ನು ನೋಡುತ್ತಾ ಕೂತಿದ್ದು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಇಷ್ಟು ಮಾತು ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ.

"ಅಂಜನಮ್ಮಗ ಹೇಳಿದ್ರೇನು?"

"ಇಲ್ಲ."

"ಹೇಳಬ್ಯಾಡ್ರಿ. ಪಾಪ."

ಬಳೆ ಬಿಚ್ಚಿ ಮುಚ್ಚಳದ ಮೇಲಿಟ್ಟಳು. ಮೊಣಕೈವರೆಗೆ ನೀರಿಗೆ ಕೈ ಬಿಟ್ಟು, ಒಂದೇ ಬೆರಳಿನಿಂದ ಬಿಲದ ಬಾಯಿ ಬಿಡಿಸತೊಡಗಿದಳು. ನಿಧಾನ. ಮೀನು ಹಿಂದೆ ಸರಿಯಿತು. ಮತ್ತೆ ಬಂತು. ಅವಳ ಬೆರಳ ಪಕ್ಕದಲ್ಲಿ ನಿಂತಿತು. "ಹೆದರಬ್ಯಾಡ," ಅಂದಳು. ಯಾರಿಗೋ.

ಈಗ ಟವೆಲ್‌ಗೆಂದು ಎದ್ದಳು. ನಾನು ಕೊಡುವ ಮೊದಲೇ, ನೀರು ಸುರಿಸಿಕೊಂಡು ರೂಮಿಗೆ ಹೋದಳು. ಅಲ್ಮೇರಾ ತೆಗೆದ ಸದ್ದು. ತುಂಬ ಹೊತ್ತಾಯಿತು. ಟವೆಲ್ ಕಣ್ಣೆದುರೇ, ಮೇಲಿನ ಹಲಗೆಯಲ್ಲೇ ಇದೆ.

"ನನ್ನ ಸೀರಿಗೆಲ್ಲ ಮುಗ್ಗಲು ವಾಸನಿ ಹಿಡದೈತಲ್ರಿ," ಒಳಗಿನಿಂದ. "ನಾಳೆ ಬಿಸಲಿಗೆ ಹಾಕಬೇ—"

ಹಾಲು ಉಕ್ಕಿ