ಒಡೆದ ಚಿಪ್

ಮಾರ್ಚ್ ೧೨, ಗುರುವಾರ. ಬ್ರಹ್ಮಾವರ.

ಅಶೋಕಣ್ಣನ ಕೆನ್ನೆಗೆ ಹೊಡೆದ ಕೈ ಇನ್ನೂ ಉರಿಯುತ್ತಿದೆ.

ತೀರಿಹೋದ ಅಮ್ಮನ ರಕ್ತದ ಉಳಿದಿದ್ದ ಕೊನೆಯ ಮಾದರಿಯನ್ನು ಇವತ್ತು ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಗಾಜಿನ ಚಿಪ್‌ಗೆ ಹಾಯಿಸಿದ್ದೆ. ಅದರ ಕೂದಲೆಳೆಯಂಥ ಕಾಲುವೆಗಳಲ್ಲಿರುವ ಕಣ್ಣಿಗೆ ಕಾಣದ ಕಂಬಗಳಿಗೆ ಕಾಯಿಲೆಯಿಂದ ರೂಪ ಬದಲಾದ, ಪ್ರೋಟೀನಿನ ತುಣುಕುಗಳಾದ ಪೆಪ್ಟೈಡ್‌ಗಳು ಮಾತ್ರ ಅಂಟುತ್ತವೆ. ಅಮ್ಮನಿಗೆ ಔಷಧಿ ಯಾಕೆ ನಾಟಲಿಲ್ಲವೆಂದು ಅವೇ ಹೇಳಬೇಕಿತ್ತು.

ಅಷ್ಟರಲ್ಲಿ ಸುದ್ದಿ ತಿಳಿದು ಗಂಗೊಳ್ಳಿಯಿಂದ ಅಣ್ಣ ನುಗ್ಗಿ ಬಂದ. "ಅಮ್ಮನ್ ರಕ್ತ ಇಟ್ಕಂಡ್ ಎಂತ ಆಟ ಆಡ್ತೆ ನೀನ್?" ಎಂದು ಚಿಪ್ ಕಸಿದು ನೆಲಕ್ಕೆ ಬಡಿದು ಮೆಟ್ಟಿದ. ನಾನು ಹೊಡೆದೆ. ಅವನು ನನ್ನ ಕುತ್ತಿಗೆ ಹಿಸುಕಿ ಗೋಡೆಗೆ ಒತ್ತಿದ. ಉಸಿರು ಕಟ್ಟಿ ಅವನ ಕೈ ಕಚ್ಚಿದೆ. ಬಾಯಿ ತುಂಬ ಅವನ ರಕ್ತ.

"ನಂಗೂ ಅದೇ ಕಾಯ್ಲೆ ಶುರುವಾಯ್ತ್ ಅಣ್ಣ," ಎಂದೆ. ಯಾರಿಗೂ ಹೇಳಿರಲಿಲ್ಲ.

ಅವನು ಕುಸಿದು ಕೂತು ಗಾಜಿನ ಚೂರು ಹೆಕ್ಕತೊಡಗಿದ. ಬೆರಳು ಕೊಯ್ದರೂ ನಿಲ್ಲಿಸಲಿಲ್ಲ.