ಮಡ್ಡಿಯ ಎಂಟು ಕಪ್ಪೆಗಳು

೧೪ ಜೂನ್, ಶುಕ್ರವಾರ

ಗೋಕಾಕದ ಹುಲ್ಲು ಮಡ್ಡಿಯ ಕಲ್ಲುದಿಬ್ಬದಲ್ಲಿ ಹಿಡಿದ ಎಂಟು ಕಪ್ಪೆಗಳನ್ನು ನನ್ನ ಪಿಎಚ್.ಡಿ. ಪ್ರಬಂಧದಿಂದ ತೆಗೆಯಬೇಕಂತೆ. "ಮೂರು ವರ್ಷದ ಕೆಲಸ, ಆಮ್ರಪಾಲಿ. ಎಂಟರ ಸಲುವಾಗಿ ಯಾಕ ಕೆಡಸ್ಕೋತಿ?" ಎಂದರು ಮಾರ್ಗದರ್ಶಕ ಶೀತಲ್ ಸರ್. ನಾನು ತೆಗೆಯುವುದಿಲ್ಲ.

ಮೂಡಲಗಿಯಿಂದ ದಡ್ಡಿಯವರೆಗೆ ಕಪ್ಪು ಎರೆಮಣ್ಣಿನ ಹೊಲಗಳಲ್ಲಿ ಮುನ್ನೂರು ಕಪ್ಪೆ ಹಿಡಿದೆ. ನಡುವೆ ಹರಿಯುವ ಹೊಳೆಯ ಎರಡೂ ದಡದಲ್ಲಿ ಅವುಗಳ ವಂಶವಾಹಿ ಹೆಚ್ಚುಕಡಿಮೆ ಒಂದೇ. ಈ ಎಂಟರಲ್ಲಿ ಮಾತ್ರ ಒಂದೊಂದರದೂ ಬೇರೆ, ತೀರಾ ಹಳೆಯದು. ಇವು ಸೇರಿದರೆ ಹೊಲವೇ ಕಪ್ಪೆಗಳ ಮೂಲ ಎಂಬ ನನ್ನ ವಾದ ನಿಲ್ಲುವುದಿಲ್ಲ.

ಅವನ್ನು ತೋರಿಸಿದ್ದು ಕುರಿ ಕಾಯುವ ರಾಮವ್ವ ಆಯಿ. ಬಂಡೆಯಲ್ಲಿ ಮಳೆನೀರು ನಿಲ್ಲುವ ದೊಣಿಯಲ್ಲಿ ಹೂಳು ತೆಗೆಯುವಾಗ ಅವರ ಮಂದಿ ಒಂದು ಮೂಲೆ ಮುಟ್ಟುವುದಿಲ್ಲ.

"ಅಲ್ಲಿ ಕಪ್ಪಿ ಮಲಗಿರ್ತಾವವ್ವ. ಬರ ಬಿದ್ರ ಎರಿ ಬಿರೀತೈತಿ, ಇಲ್ಲಿ ತಂಪು ಆರೂದಿಲ್ಲ. ಮಳಿ ಆದಮ್ಯಾಲೆ ಹೊಲಕ್ಕ ಇಳೀತಾವು."

ಹಿಂದೆ ಸಾವಿರಾರು ವರ್ಷ ಮಳೆ ಸೋತಾಗಲೂ ಹೀಗೇ ಆಗಿರಬೇಕು. ಕಲ್ಲಿನಲ್ಲಿ ಎಲ್ಲ ವಂಶಗಳೂ ಉಳಿದವು; ಆಮೇಲೆ ಕೆಳಗಿಳಿದವು ಕೆಲವೇ, ಹೊಲದವೆಲ್ಲ ಅವುಗಳ ಸಂತತಿ.

ನಾಗನೂರಲ್ಲಿ ಹೊಲದ ಕೆಲಸ ಮಾಡುತ್ತ ಬೆಳೆದವಳು ನಾನು. ಬೆಳೆ ಬಾರದ ನೆಲದಲ್ಲಿ ಏನಿದ್ದೀತೆಂದು ನಕ್ಷೆಯಲ್ಲಿ ಮಡ್ಡಿಯನ್ನೇ ಖಾಲಿ ಬಿಟ್ಟಿದ್ದೆ. ತಪ್ಪು ನನ್ನದು, ಕಪ್ಪೆಗಳದ್ದಲ್ಲ.

ಎಂಟು ಸಾಲದಿದ್ದರೆ ಎಂಬತ್ತು ತರುತ್ತೇನೆ. ಪ್ರಬಂಧ ಕಾಯಲಿ. ಸಂಜೆ ಮಡ್ಡಿಯ ಕಡೆ ಮೋಡ ಕಟ್ಟಿತ್ತು. ಕಪ್ಪೆಗಳು ಹೊಲಕ್ಕೆ ಇಳಿಯುವ ಮೊದಲು ನಾನು ಮಡ್ಡಿ ಹತ್ತಬೇಕು.